ಆಸ್ಪತ್ರೆಗೆ ಸೇರಿಸಿದ ಮೇಲೆ ಏನು?

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಅಪಘಾತದ ಸುದ್ದಿ ಇಲ್ಲದ ದಿನವಿಲ್ಲ. ಹೆಚ್ಚಿನ ಸುದ್ದಿಗಳು ಒಂದೇ ಥರ ಮುಗಿಯುತ್ತವೆ: ‘ಗಾಯಾಳುಗಳನ್ನು ಆಸ್ಪತ್ರೆಗೆ ದಾಖಲಿಸಲಾಗಿದೆ. ಪೊಲೀಸರು ಪ್ರಕರಣ ದಾಖಲಿಸಿಕೊಂಡಿದ್ದಾರೆ.’ ಆ ಗಾಯಾಳುಗಳೇ ಕೆಲವು ವಾರ ಕಳೆದ ಮೇಲೆ ಕಾಲಿಗೆ ರಾಡು, ಕೈಗೆ ಪ್ಲೇಟು ಹಾಕಿಸಿಕೊಂಡು ನನ್ನ ಹತ್ತಿರ ಬರುತ್ತಾರೆ. ನಾನು ಫಿಸಿಯೋಥೆರಪಿಸ್ಟ್. ಬಿಗಿದುಹೋದ ಮಂಡಿ ಮಡಚಿಸುವುದು, ಮೇಲೇಳದ ಭುಜ ಎತ್ತಿಸುವುದು ನನ್ನ ಕೆಲಸ. ನೋವು ಮರೆಯಲಿ ಅಂತ ಮಾತಿಗೆಳೆಯುತ್ತೇನೆ. ‘ಕೇಸ್ ಏನಾಯ್ತು?’ ಅಂತ ಕೇಳಿದರೆ ಬರುವ ಉತ್ತರ ಹೆಚ್ಚಾಗಿ ಒಂದೇ. ‘ಅದೆಲ್ಲ ಆವತ್ತೇ ಕಾಂಪ್ರಮೈಸ್ ಆಯ್ತು ಮೇಡಂ.’

ಈ ಮಾತು ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಮೂಳೆ ಕೂಡಿಕೊಳ್ಳುವ ಮೊದಲೇ, ಕಾಲು ಎಷ್ಟು ಸರಿಹೋಗುತ್ತದೆ ಅಂತ ಡಾಕ್ಟರಿಗೇ ಗೊತ್ತಿಲ್ಲದ ಹೊತ್ತಿನಲ್ಲಿ, ವಾರ್ಡಿನ ಮಂಚದ ಮೇಲೆ ಮಾಡಿಕೊಂಡ ರಾಜಿ ಅದು. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಪ್ರಕಟಿಸಿ.

ಒಬ್ಬ ಟೈಲರ್ ಬಗ್ಗೆ ಹೇಳುತ್ತೇನೆ. ರಸ್ತೆ ದಾಟುವಾಗ ಕಾರು ಗುದ್ದಿ ಬಲಗಾಲಿನ ಹರಡಿನ ಹತ್ತಿರ ಮೂಳೆ ಮುರಿದಿತ್ತು. ಕಾರಿನ ಮಾಲೀಕರು ಕೆಟ್ಟವರಲ್ಲ. ಆಸ್ಪತ್ರೆ ಬಿಲ್ ಕಟ್ಟಿದರು, ಕೈಗೆ ಐವತ್ತು ಸಾವಿರ ಕೊಟ್ಟರು. ‘ನನಗೆ ಯಾವ ತಕರಾರೂ ಇಲ್ಲ’ ಅಂತ ಬರೆದ ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋದರು. ಟೈಲರ್ ಅವರಿಗೆ ಆಗ ಅದೇ ದೊಡ್ಡದಾಗಿ ಕಂಡಿತು. ಪ್ಲಾಸ್ಟರ್ ಬಿಚ್ಚಿ ನನ್ನ ಹತ್ತಿರ ಬಂದಾಗ ಪಾದ ಮೇಲಕ್ಕೆ ಬರುತ್ತಲೇ ಇರಲಿಲ್ಲ. ನಡೆಯುತ್ತಿದ್ದರು, ಸ್ವಲ್ಪ ಕುಂಟುತ್ತಿದ್ದರು ಅಷ್ಟೇ. ನೋಡಿದವರು ‘ಪರವಾಗಿಲ್ಲ, ಬೇಗ ಹುಷಾರಾದ್ರಿ’ ಅನ್ನುತ್ತಿದ್ದರು. ಆದರೆ ಹೊಲಿಗೆ ಯಂತ್ರದ ಪೆಡಲ್ ತುಳಿಯಲು ಪಾದ ಮೇಲೆ ಕೆಳಗೆ ಆಡಲೇಬೇಕು, ದಿನವಿಡೀ ಆಡಬೇಕು. ನನ್ನ ಮುಂದೆ ಕುರ್ಚಿಯಲ್ಲಿ ಕೂತು, ಪೆಡಲ್ ಇದೆ ಅಂದುಕೊಂಡು ತುಳಿದು ತೋರಿಸಿದರು. ಹಿಮ್ಮಡಿ ಏಳುತ್ತಿತ್ತು, ಮುಂಗಾಲು ಏಳುತ್ತಿರಲಿಲ್ಲ. ಮೋಟಾರು ಹಾಕಿಸಿಕೊಳ್ಳಿ ಅಂದೆ. ಅದನ್ನೂ ಕಾಲಲ್ಲೇ ಅದುಮಬೇಕಲ್ಲ ಮೇಡಂ ಅಂದರು.

ಆ ಕಾರಿಗೆ ವಿಮೆ ಇತ್ತು. ಮಾಲೀಕರು ಸ್ವಂತ ಜೇಬಿನಿಂದ ಒಂದು ರೂಪಾಯಿ ಕೊಡುವ ಅಗತ್ಯವೂ ಇರಲಿಲ್ಲ. ಇದು ಇಬ್ಬರಿಗೂ ಗೊತ್ತಿರಲಿಲ್ಲ.

ನಮ್ಮ ಜನ ಎಡವುವುದು ಇಲ್ಲೇ. ‘ಪಾಪ, ಅವರೂ ಸಂಸಾರಸ್ಥರು, ಎಲ್ಲಿಂದ ತರ್ತಾರೆ?’ ಅನ್ನುತ್ತಾರೆ. ಪ್ರತಿ ಗಾಡಿಗೂ ಥರ್ಡ್ ಪಾರ್ಟಿ ವಿಮೆ ಇರಲೇಬೇಕು ಅಂತ ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿರುವುದು, ಪೆಟ್ಟು ತಿಂದವರಿಗೆ ಪರಿಹಾರ ಸಿಗಲಿ ಅಂತಲೇ. ಹಣ ಕೊಡುವುದು ವಿಮಾ ಕಂಪನಿ. ಡ್ರೈವರ್ ಹತ್ತಿರ ಲೈಸೆನ್ಸ್ ಇರಲಿಲ್ಲ ಅನ್ನುವಂಥ ತಕರಾರು ಬಂದರೂ, ಮೊದಲು ಗಾಯಾಳುವಿಗೆ ಕೊಡಿ, ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳಿ ಅಂತ ಕೋರ್ಟುಗಳು ಎಷ್ಟೋ ಸಲ ವಿಮಾ ಕಂಪನಿಗೆ ಹೇಳಿವೆ. ಗಾಡಿಯ ನಂಬರ್ ಗೊತ್ತಿದ್ದರೆ ವಿಮೆ ಚಾಲ್ತಿಯಲ್ಲಿದೆಯಾ ಅಂತ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲೇ ನೋಡಬಹುದು.

ಚಿಕಿತ್ಸೆ ವಿಷಯಕ್ಕೆ ಬರುತ್ತೇನೆ. ಪೊಲೀಸರು ಬರಲಿ, ಎಫ್‌ಐಆರ್ ಆಗಲಿ ಅಂತ ಯಾವ ಆಸ್ಪತ್ರೆಯೂ ಗಾಯಾಳುವನ್ನು ಕಾಯಿಸುವಂತಿಲ್ಲ. ಸುಪ್ರೀಂ ಕೋರ್ಟ್ ಇದನ್ನು 1989ರಲ್ಲೇ ಹೇಳಿದೆ. ಈಗ ಇನ್ನೂ ಒಂದು ಅನುಕೂಲ ಇದೆ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ಕೇಂದ್ರ ಸರ್ಕಾರದ ನಗದುರಹಿತ ಚಿಕಿತ್ಸೆ ಯೋಜನೆ ಬಂದಿದೆ. ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಅಪಘಾತವಾದ ದಿನದಿಂದ 7 ದಿನಗಳವರೆಗೆ, ಒಬ್ಬರಿಗೆ 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದರಲ್ಲಿ ಬರುತ್ತದೆ. ತಪ್ಪು ಯಾರದ್ದು ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಕ್ಯಾಶುಯಲ್ಟಿ ಕೌಂಟರ್‌ನಲ್ಲಿ ಬಾಯಿಬಿಟ್ಟು ಕೇಳಬೇಕು, ಅಷ್ಟೇ. ಕೇಳದಿದ್ದರೆ ತಾವಾಗಿ ಹೇಳುವವರು ಕಡಿಮೆ. ಗಾಯಾಳುವನ್ನು ಕರೆತಂದ ದಾರಿಹೋಕರೂ ಹೆದರಬೇಕಿಲ್ಲ. ಹೆಸರು ಹೇಳಿ, ಸಾಕ್ಷಿ ಹೇಳಿ, ದುಡ್ಡು ಕಟ್ಟಿ ಅಂತ ಅವರನ್ನು ಬಲವಂತ ಮಾಡುವ ಹಾಗಿಲ್ಲ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಅವರ ರಕ್ಷಣೆಗೆ ಅಂತಲೇ ಒಂದು ಸೆಕ್ಷನ್ ಸೇರಿಸಿದ್ದಾರೆ.

ಇನ್ನು ಹೇಳುವುದನ್ನು ಸ್ವಲ್ಪ ಗಮನವಿಟ್ಟು ಓದಿ. ಬಹಳ ಕೇಸುಗಳು ಹಾಳಾಗುವುದು ಕೋರ್ಟಿನಲ್ಲಲ್ಲ, ಕ್ಯಾಶುಯಲ್ಟಿಯಲ್ಲಿ. ಗಾಬರಿಯಲ್ಲಿ ಓಡಿಬಂದ ಮನೆಯವರಿಗೆ ‘ಪೊಲೀಸ್ ಕೇಸ್ ಆದರೆ ತಲೆನೋವು’ ಅಂತ ಯಾರೋ ಕಿವಿಯಲ್ಲಿ ಊದುತ್ತಾರೆ. ಡ್ಯೂಟಿ ಡಾಕ್ಟರ್ ‘ಹೇಗಾಯ್ತು?’ ಅಂತ ಕೇಳಿದಾಗ ‘ಬೈಕ್ ಸ್ಕಿಡ್ ಆಗಿ ಬಿದ್ದರು’ ಅಂದುಬಿಡುತ್ತಾರೆ. ಡಾಕ್ಟರ್ ಅದನ್ನೇ ಬರೆಯುತ್ತಾರೆ. ಅದೇ ಸಾಲು ಕೇಸ್ ಶೀಟಿಗೆ ಹೋಗುತ್ತದೆ, ಡಿಸ್ಚಾರ್ಜ್ ಸಮರಿಗೆ ಹೋಗುತ್ತದೆ. ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ ಅಂತ ಆಸ್ಪತ್ರೆ ಮಾಡುವ ದಾಖಲೆ, ಆಗುವುದಿಲ್ಲ. ತಿಂಗಳಾದ ಮೇಲೆ ‘ಇಂಥ ಕಾರು ಗುದ್ದಿತು’ ಅಂತ ದೂರು ಕೊಟ್ಟರೆ, ವಿಮಾ ಕಂಪನಿಯ ವಕೀಲರು ಮೊದಲು ಎತ್ತಿ ತೋರಿಸುವುದು ಆ ಒಂದು ಸಾಲನ್ನೇ. ಡಿಸ್ಚಾರ್ಜ್ ಸಮರಿ ಕೈಯಲ್ಲಿ ಹಿಡಿದು ನನ್ನ ಹತ್ತಿರ ಬರುವವರಿಗೆ ನಾನೇ ಓದಿ ಹೇಳುತ್ತೇನೆ. ಎಷ್ಟೋ ಜನರ ಮುಖ ಸಪ್ಪಗಾಗುತ್ತದೆ. ಹಾಗಾಗಿ ನಡೆದದ್ದನ್ನು ನಡೆದ ಹಾಗೆಯೇ ಹೇಳಿ. ಕಾರು ಗುದ್ದಿದ್ದರೆ ಕಾರು ಗುದ್ದಿತು ಅಂತಲೇ ಬರೆಸಿ. ಗಾಡಿ ನಂಬರ್ ಗೊತ್ತಿದ್ದರೆ ಅದನ್ನೂ ಬರೆಸಿ. ಎಂಎಲ್‌ಸಿ ಆಗಿದೆಯಾ ಅಂತ ಕೇಳಿ ಖಾತ್ರಿ ಮಾಡಿಕೊಳ್ಳಿ.

ಪೊಲೀಸ್ ದೂರನ್ನು ಗಾಯಾಳುವೇ ಕೊಡಬೇಕು ಅಂತೇನಿಲ್ಲ. ಮನೆಯವರು, ನೋಡಿದವರು ಯಾರಾದರೂ ಕೊಡಬಹುದು. ಠಾಣೆ ಸರಹದ್ದು ನಮ್ಮದಲ್ಲ ಅಂತ ವಾಪಸ್ ಕಳಿಸುವಂತಿಲ್ಲ, ಎಲ್ಲಿ ಕೊಟ್ಟರೂ ತಗೊಳ್ಳಬೇಕು. ಎಫ್‌ಐಆರ್ ಪ್ರತಿ ಉಚಿತ. ಸ್ಥಳ ಮಹಜರ್, ಗಾಯದ ಪ್ರಮಾಣಪತ್ರ, ಗಾಡಿ ಪರೀಕ್ಷೆ ಮಾಡಿದ ಇನ್‌ಸ್ಪೆಕ್ಟರ್ ವರದಿ, ಆಮೇಲೆ ಚಾರ್ಜ್‌ಶೀಟ್ ಇವೆಲ್ಲದರ ಪ್ರತಿಯೂ ಮುಂದೆ ಬೇಕಾಗುತ್ತವೆ.

ಜನರಿಗೆ ಗೊತ್ತೇ ಇಲ್ಲದ ಒಂದು ನಿಯಮ ಇಲ್ಲಿದೆ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರದ ನಿಯಮಗಳ ಪ್ರಕಾರ, ಅಪಘಾತದ ಮೊದಲ ವರದಿಯನ್ನು ಪೊಲೀಸರು 48 ಗಂಟೆಯೊಳಗೆ ಅಪಘಾತದ ಪರಿಹಾರ ತೀರ್ಮಾನಿಸುವ ನ್ಯಾಯಮಂಡಳಿಗೆ ಕಳಿಸಬೇಕು. 10 ದಿನಗಳೊಳಗೆ ಗಾಯಾಳುವಿನ ಕೈಗೆ ‘ಫಾರಂ 2’ ಕೊಡಬೇಕು. ನಿಮ್ಮ ಹಕ್ಕುಗಳೇನು, ಮುಂದೆ ಯಾವ ಹಂತದಲ್ಲಿ ಏನು ನಡೆಯುತ್ತದೆ ಅಂತ ಹೇಳುವ ಹಾಳೆ ಅದು. 50 ದಿನಗಳಲ್ಲಿ ಮಧ್ಯಂತರ ವರದಿ, 90 ದಿನಗಳಲ್ಲಿ ವಿವರವಾದ ವರದಿ ಹೋಗಬೇಕು. ಆ ವಿವರ ವರದಿಯನ್ನೇ ನ್ಯಾಯಮಂಡಳಿ ಪರಿಹಾರದ ಅರ್ಜಿ ಅಂತ ತೆಗೆದುಕೊಳ್ಳಬಹುದು. ಇದನ್ನೆಲ್ಲ ಸರಿಯಾಗಿ ಪಾಲಿಸಿ ಅಂತ ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ.

ನನ್ನ ಹತ್ತಿರ ಬರುವ ಗಾಯಾಳುಗಳನ್ನು ‘ಫಾರಂ 2 ಕೊಟ್ಟರಾ?’ ಅಂತ ಕೇಳುತ್ತಾ ಬಂದಿದ್ದೇನೆ. ಅದನ್ನು ನೋಡಿದೆ ಅಂದವರು ಇನ್ನೂ ಒಬ್ಬರೂ ಸಿಕ್ಕಿಲ್ಲ. ಪೊಲೀಸರ ಮೇಲೆ ಕೆಲಸದ ಒತ್ತಡ ಎಷ್ಟಿದೆ ಅಂತ ನನಗೂ ಗೊತ್ತು. ಆದರೂ ಒಂದು ಹಾಳೆ ಕೊಡುವುದು ಅಷ್ಟು ಕಷ್ಟವಾ?

ಪರಿಹಾರದ ಅರ್ಜಿ ಹಾಕುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ. ಅಪಘಾತ ನಡೆದ ಜಾಗಕ್ಕೇ ಅಲೆಯಬೇಕಿಲ್ಲ, ನೀವು ವಾಸ ಇರುವ ಕಡೆಯ ನ್ಯಾಯಮಂಡಳಿಯಲ್ಲೂ ಹಾಕಬಹುದು. ಆದರೆ 6 ತಿಂಗಳೊಳಗೆ ಹಾಕಬೇಕು. 1994ರಿಂದ ಇಂಥ ಗಡುವು ಇರಲಿಲ್ಲ, 2019ರ ತಿದ್ದುಪಡಿಯಲ್ಲಿ ಮತ್ತೆ ತಂದರು. ಇದು ಸರಿಯಾ ಅನ್ನುವ ಪ್ರಶ್ನೆ ಈಗ ಸುಪ್ರೀಂ ಕೋರ್ಟ್ ಮುಂದಿದೆ. ತಡವಾಯಿತು ಅನ್ನುವ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬೇಡಿ ಅಂತ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶವೂ ಬಂದಿದೆ. ಗಡುವು ದಾಟಿದೆ ಅಂತ ಕೈಚೆಲ್ಲಿ ಕೂತವರು ಒಮ್ಮೆ ವಕೀಲರನ್ನು ಕಾಣಬೇಕು. ಹಾಗಂತ ಈಗ ಅಪಘಾತವಾದವರು ಆ ಆದೇಶ ನಂಬಿ ತಡ ಮಾಡಬಾರದು. ತೊಡೆ ಮೂಳೆ ಮುರಿದವರಿಗೆ 6 ತಿಂಗಳು ಅಂದರೆ ಹಾಸಿಗೆ, ವಾಕರ್, ಊರುಗೋಲು ಇಷ್ಟರಲ್ಲೇ ಕಳೆದುಹೋಗುತ್ತದೆ. ಮನೆಯಲ್ಲಿ ಇನ್ನೊಬ್ಬರು ಇದರ ಹೊಣೆ ಹೊರಬೇಕು.

ಕ್ರಿಮಿನಲ್ ಕೇಸೇ ಬೇರೆ, ಪರಿಹಾರದ ಕೇಸೇ ಬೇರೆ. ಡ್ರೈವರ್‌ಗೆ ಶಿಕ್ಷೆಯಾಗಲು ತಪ್ಪು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಪರಿಹಾರಕ್ಕೆ ಅಷ್ಟು ಬೇಡ. ಹೀಗೆ ನಡೆದಿರುವ ಸಾಧ್ಯತೆಯೇ ಜಾಸ್ತಿ ಅಂತ ನ್ಯಾಯಮಂಡಳಿಗೆ ಮನವರಿಕೆಯಾದರೆ ಸಾಕು. ನಿಮ್ಮದೂ ಸ್ವಲ್ಪ ತಪ್ಪಿದ್ದರೆ ಅಷ್ಟು ಪಾಲು ಕಡಿಮೆ ಮಾಡುತ್ತಾರೆ, ಪೂರ್ತಿ ಇಲ್ಲ ಅನ್ನುವುದಿಲ್ಲ.

ಎಷ್ಟು ಸಿಗುತ್ತದೆ ಅನ್ನುವುದೇ ಎಲ್ಲರ ಪ್ರಶ್ನೆ. ಆಸ್ಪತ್ರೆ ಬಿಲ್ ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಕೆಲಸಕ್ಕೆ ಹೋಗಲಾಗದ ತಿಂಗಳುಗಳ ಗಳಿಕೆ, ಪಕ್ಕದಲ್ಲಿದ್ದು ನೋಡಿಕೊಂಡವರ ಖರ್ಚು, ಓಡಾಟ, ಪಥ್ಯದ ಊಟ, ಮುಂದೆ ರಾಡು ತೆಗೆಸುವ ಆಪರೇಷನ್, ಅನುಭವಿಸಿದ ನೋವು, ಮುಂದಿನ ಬದುಕಲ್ಲಿ ಕಳೆದುಕೊಂಡ ಸುಖ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಶಾಶ್ವತ ಊನ ಉಳಿದರೆ ಮುಂದಿನ ದುಡಿಮೆಯ ನಷ್ಟವೂ ಸೇರುತ್ತದೆ. ದೊಡ್ಡ ಮೊತ್ತ ಇರುವುದು ಸಾಮಾನ್ಯವಾಗಿ ಇದರಲ್ಲೇ.

ಇಲ್ಲಿ ಸುಪ್ರೀಂ ಕೋರ್ಟಿನ 2010ರ ರಾಜ್‌ಕುಮಾರ್ ವಿರುದ್ಧ ಅಜಯ್‌ಕುಮಾರ್ ತೀರ್ಪು ನನಗೆ ಬಹಳ ಹಿಡಿಸಿದೆ. ನಾನು ದಿನಾ ಕಣ್ಣಾರೆ ಕಾಣುವುದನ್ನೇ ಅದು ಹೇಳುತ್ತದೆ. ಎಡಗೈ ಹೋದರೆ ಡಾಕ್ಟರ್ ಲೆಕ್ಕದಲ್ಲಿ ಊನ ಸುಮಾರು ಶೇ 60 ಇರಬಹುದು. ಅದೇ ಬಡಗಿಗೋ ಡ್ರೈವರ್‌ಗೋ ಆದರೆ ದುಡಿಮೆಯ ನಷ್ಟ ಹೆಚ್ಚುಕಡಿಮೆ ಶೇ 100. ಸರ್ಕಾರಿ ಗುಮಾಸ್ತರಾಗಿದ್ದರೆ ನೌಕರಿ ಉಳಿಯಬಹುದು. ಅಂದರೆ ಊನದ ಅಂಕಿಯನ್ನು ಹಾಗೇ ಎತ್ತಿಕೊಳ್ಳದೆ, ಆ ಮನುಷ್ಯ ಏನು ಕೆಲಸ ಮಾಡುತ್ತಿದ್ದ, ಈಗ ಅದರಲ್ಲಿ ಎಷ್ಟು ಮಾಡಬಲ್ಲ ಅಂತ ನೋಡಬೇಕು. ನಮ್ಮ ಟೈಲರ್ ಕಾಲಿಗೆ ಡಾಕ್ಟರ್ ಬರೆದ ಸಣ್ಣ ಅಂಕಿ ಅವರ ಕಸುಬಿನಲ್ಲಿ ಸಣ್ಣದಲ್ಲ.

ಲೆಕ್ಕ ಹೇಗೆ ಹಾಕುತ್ತಾರೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ವಯಸ್ಸು 38, ಸ್ವಂತ ಕಸುಬು, ತಿಂಗಳ ಗಳಿಕೆ 15,000 ರೂಪಾಯಿ ಅಂತಿಟ್ಟುಕೊಳ್ಳಿ. ದುಡಿಯುವ ಶಕ್ತಿಯಲ್ಲಿ ಶೇ 30 ಹೋಗಿದೆ ಅಂತ ಕೋರ್ಟ್ ಒಪ್ಪಿತು. 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಲ್ಲಿ 36ರಿಂದ 40 ವಯಸ್ಸಿಗೆ ಗುಣಕ (ವರ್ಷದ ಗಳಿಕೆಯನ್ನು ಎಷ್ಟರಿಂದ ಗುಣಿಸಬೇಕು ಅನ್ನುವ ಅಂಕಿ) 15. ವರ್ಷದ ಗಳಿಕೆ 1,80,000. ಅದನ್ನು 15ರಿಂದ ಗುಣಿಸಿ, ಬಂದದ್ದರಲ್ಲಿ ಶೇ 30 ಅಂದರೆ 8,10,000. ಸ್ವಂತ ಕಸುಬಿನವರಿಗೆ 40 ವಯಸ್ಸಿನೊಳಗಿದ್ದರೆ ಮುಂದೆ ಗಳಿಕೆ ಹೆಚ್ಚುತ್ತಿತ್ತು ಅಂತ ಶೇ 40 ಸೇರಿಸಬೇಕು ಅಂತ 2017ರ ಪ್ರಣಯ್ ಸೇಠಿ ತೀರ್ಪು ಹೇಳುತ್ತದೆ. ಅದು ಸಾವಿನ ಪ್ರಕರಣದ ತೀರ್ಪಾದರೂ, ಶಾಶ್ವತ ಊನವಾದ ಗಾಯಾಳುಗಳಿಗೂ ಕೋರ್ಟ್ ಅನ್ವಯಿಸಿದೆ. ಆಗ 11,34,000 ಆಗುತ್ತದೆ. ಆಸ್ಪತ್ರೆ ಬಿಲ್, ನೋವಿನ ಪರಿಹಾರ, ಅರ್ಜಿ ಹಾಕಿದ ದಿನದಿಂದ ಬಡ್ಡಿ ಬೇರೆ. ವಾರ್ಡಿನಲ್ಲಿ ಕೊಡುವ ಐವತ್ತು ಸಾವಿರವನ್ನು ಇದರ ಪಕ್ಕ ಇಟ್ಟು ನೋಡಿ.

ಹೆಂಗಸರ ವಿಷಯ ಬೇರೆಯಾಗಿಯೇ ಹೇಳಬೇಕು. ‘ನಾನೇನು ದುಡಿತೀನಿ ಮೇಡಂ, ಮನೇಲೇ ಇರೋದು’ ಅಂತ ಕೇಸೇ ಬೇಡ ಅನ್ನುತ್ತಾರೆ. ಭುಜದ ಕೀಲು ಬಿಗಿದು ತಲೆ ಬಾಚಿಕೊಳ್ಳಲೂ ಆಗದ, ಬಟ್ಟೆ ಒಣಹಾಕಲೂ ಆಗದ ಹೆಂಗಸು ಹೇಳುವ ಮಾತಿದು. ಗೃಹಿಣಿಯ ಕೆಲಸಕ್ಕೂ ಬೆಲೆ ಕಟ್ಟಲೇಬೇಕು ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಮತ್ತೊಮ್ಮೆ ಒತ್ತಿ ಹೇಳಿದೆ. ಇನ್ನು ಕೆಲವರು ಪೆಟ್ಟು ತಿಂದಿರುವುದು ಗಂಡನೋ ಮೈದುನನೋ ಓಡಿಸುತ್ತಿದ್ದ ಕಾರಿನಲ್ಲಿ. ‘ನಮ್ಮವರ ಮೇಲೆ ಕೇಸ್ ಹಾಕೋದಾ?’ ಅಂತ ಹಿಂಜರಿಯುತ್ತಾರೆ. ಅಲ್ಲೂ ಹಣ ಕೊಡಬೇಕಾದದ್ದು ವಿಮಾ ಕಂಪನಿ. ಆದರೆ ಕಾರಿನ ಪಾಲಿಸಿ ಪ್ಯಾಕೇಜ್ ಪಾಲಿಸಿ (ಕಾಂಪ್ರಹೆನ್ಸಿವ್ ಅನ್ನುವ ಸಮಗ್ರ ವಿಮೆ) ಆಗಿರಬೇಕು. ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಕಾರಿನೊಳಗೆ ಕೂತವರಿಗೆ ರಕ್ಷಣೆ ಸಿಗುವುದಿಲ್ಲ. ಕಾರಿರುವವರು ಇವತ್ತೇ ತಮ್ಮ ಪಾಲಿಸಿ ತೆಗೆದು ನೋಡಿ.

ಕಾಗದಪತ್ರ ಜೋಪಾನ ಮಾಡಿ. ಔಷಧಿ ಬಿಲ್ ಎಲ್ಲರೂ ಇಡುತ್ತಾರೆ, ಫಿಸಿಯೋಥೆರಪಿ ರಸೀದಿ ಬಿಸಾಡುತ್ತಾರೆ. ಅದೂ ಚಿಕಿತ್ಸೆಯ ಖರ್ಚೇ. ಮೊದಲ ದಿನ ಮಂಡಿ ಎಷ್ಟು ಡಿಗ್ರಿ ಮಡಚಿತು, ಕೊನೆಗೆ ಎಷ್ಟಕ್ಕೆ ನಿಂತಿತು ಅಂತ ನಾವು ಬರೆದಿಡುತ್ತೇವೆ. ಅದರ ಪ್ರತಿ ಕೇಳಿ ತಗೊಳ್ಳಿ. ಎಕ್ಸ್‌ರೇಗಳನ್ನು ಮಂಚದ ಅಡಿ ತುರುಕಬೇಡಿ. ಗಳಿಕೆಗೆ ಸಂಬಳದ ಚೀಟಿ ಇಲ್ಲದಿದ್ದರೆ ಆರ್ಡರ್ ಬುಕ್, ಬ್ಯಾಂಕ್ ಪಾಸ್‌ಬುಕ್, ಫೋನಿಗೆ ಬಂದ ಪಾವತಿಗಳ ವಿವರ ಏನಿದೆಯೋ ಅದನ್ನು ಕೊಡಿ. ಊನದ ಸರ್ಟಿಫಿಕೇಟನ್ನು ಚಿಕಿತ್ಸೆ ಮುಗಿದ ಮೇಲೆ, ಆದಷ್ಟೂ ನಿಮಗೆ ಚಿಕಿತ್ಸೆ ಕೊಟ್ಟ ಡಾಕ್ಟರಿಂದಲೇ ಪಡೆಯಿರಿ. ‘ಜಾಸ್ತಿ ಪರ್ಸೆಂಟ್ ಬರೆಸಿಕೊಡ್ತೀನಿ’ ಅಂತ ಬರುವವರನ್ನು ನಂಬಬೇಡಿ. ಅಂಥ ಸರ್ಟಿಫಿಕೇಟುಗಳ ಬಗ್ಗೆ ಹುಷಾರಾಗಿರಿ ಅಂತ ನಾನು ಮೇಲೆ ಹೇಳಿದ 2010ರ ತೀರ್ಪೇ ನ್ಯಾಯಮಂಡಳಿಗಳಿಗೆ ಎಚ್ಚರಿಸಿದೆ.

ಗುದ್ದಿದ ಗಾಡಿ ಪರಾರಿಯಾಗಿ ಪತ್ತೆಯೇ ಆಗದಿದ್ದರೂ ದಾರಿ ಇದೆ. ಗಂಭೀರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ರೂಪಾಯಿ ಸರ್ಕಾರದ ನಿಧಿಯಿಂದ ಸಿಗುತ್ತದೆ. ಅರ್ಜಿ ಕೊಡಬೇಕಾದದ್ದು ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಕಚೇರಿಗೆ. ಮೂಳೆ ಮುರಿತ ಅಂದರೆ ಕಾನೂನಿನ ಲೆಕ್ಕದಲ್ಲಿ ಗಂಭೀರ ಗಾಯವೇ. ಗಾಡಿ ಗೊತ್ತಿದ್ದು ತಪ್ಪು ಯಾರದ್ದು ಅಂತ ಸಾಬೀತು ಮಾಡುವುದು ಕಷ್ಟವಾದರೆ, ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 164ರಲ್ಲಿ ತಪ್ಪಿನ ಮಾತೇ ಇಲ್ಲದೆ ಗಂಭೀರ ಗಾಯಕ್ಕೆ 2.5 ಲಕ್ಷ ರೂಪಾಯಿ ಕೇಳಬಹುದು. ಅದನ್ನು ಒಪ್ಪಿ ತಗೊಂಡರೆ ದೊಡ್ಡ ಪರಿಹಾರದ ಅರ್ಜಿ ರದ್ದಾಗುತ್ತದೆ. ಯೋಚಿಸಿ ಸಹಿ ಹಾಕಿ.

ವಕೀಲರ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಶ್ರದ್ಧೆಯಿಂದ ನಡೆಸಿಕೊಡುವ ವಕೀಲರನ್ನು ಕಂಡಿದ್ದೇನೆ. ವಾರ್ಡಿನಲ್ಲಿ ಕೇಸ್ ಹುಡುಕಿಕೊಂಡು ಓಡಾಡುವ ದಲ್ಲಾಳಿಗಳನ್ನೂ ಕಂಡಿದ್ದೇನೆ. ಖಾಲಿ ಹಾಳೆಗೆ, ಖಾಲಿ ಚೆಕ್ಕಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಬಂದ ಪರಿಹಾರದಲ್ಲಿ ಇಷ್ಟು ಪಾಲು ಅಂತ ಮಾತಾಡುತ್ತಾರೆ. ವಕೀಲರು ಹೀಗೆ ಪರಿಹಾರದಲ್ಲಿ ಪಾಲು ಕೇಳುವಂತಿಲ್ಲ ಅಂತ ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ಇದೆ. ಫೀಸು ಎಷ್ಟು ಅಂತ ಮೊದಲೇ ಮಾತಾಡಿ, ಬರೆಸಿಕೊಳ್ಳಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರು ಇವರಿಗೆಲ್ಲ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. ಅದರ ಸಹಾಯವಾಣಿ 15100. ರಾಜಿಯಲ್ಲಿ ಕೇಸ್ ಮುಗಿಸುವ ಲೋಕ ಅದಾಲತ್‌ನಲ್ಲಿ ಬೇಗ ಮುಗಿಯುತ್ತದೆ, ಅದು ಒಳ್ಳೆಯದೇ. ಆದರೆ ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ. ಇನ್ನೊಂದು ಆಪರೇಷನ್ ಬಾಕಿ ಇದೆಯಾ, ನಡಿಗೆ ಇನ್ನೂ ಸುಧಾರಿಸುತ್ತದಾ ಅಂತ ನಮ್ಮನ್ನೂ ಡಾಕ್ಟರನ್ನೂ ಕೇಳಿಕೊಂಡು ಹೋಗಿ. ನ್ಯಾಯಮಂಡಳಿಯ ತೀರ್ಪು ಸಮಾಧಾನ ತರದಿದ್ದರೆ 90 ದಿನಗಳೊಳಗೆ ಹೈಕೋರ್ಟಿಗೆ ಹೋಗಬಹುದು.

ಆಸ್ಪತ್ರೆಯಲ್ಲಿ ‘ತಕರಾರಿಲ್ಲ’ ಅಂತ ಈಗಾಗಲೇ ಸಹಿ ಹಾಕಿದವರೂ ಅಲ್ಲಿಗೇ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಆ ಕಾಗದದ ಪ್ರತಿ ಹಿಡಿದು ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಒಮ್ಮೆ ತೋರಿಸಿ. ಟೈಲರ್ ಅವರಿಗೂ ಇದನ್ನೇ ಹೇಳಿ ಕಳಿಸಿದ್ದೇನೆ.

ಸಂಪಾದಕರೇ, ನಿಮ್ಮಲ್ಲಿ ನನ್ನದು ಒಂದು ಕೋರಿಕೆ. ಅಪಘಾತದ ಸುದ್ದಿ ಹಾಕುವ ಪುಟದಲ್ಲಿ ವಾರಕ್ಕೊಮ್ಮೆಯಾದರೂ ಒಂದು ಸಣ್ಣ ಚೌಕ ಕೊಡಿ. ಅದರಲ್ಲಿ ಇಷ್ಟಿರಲಿ: ನಗದುರಹಿತ ಚಿಕಿತ್ಸೆ 7 ದಿನ, ಫಾರಂ 2 ಕೇಳಿ ಪಡೆಯಲು 10 ದಿನ, ಪರಿಹಾರದ ಅರ್ಜಿಗೆ 6 ತಿಂಗಳು, ಉಚಿತ ಕಾನೂನು ನೆರವಿಗೆ 15100. ಪೊಲೀಸ್ ಇಲಾಖೆಯ ಹಿರಿಯರು ಈ ಪತ್ರ ಓದಿದರೆ, ಫಾರಂ 2 ಅನ್ನು ಸರಳ ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ಠಾಣೆಗೂ ಕಳಿಸಲಿ. ಮೂಳೆ ವಿಭಾಗದ ವಾರ್ಡುಗಳಿಗೂ ಒಂದಷ್ಟು ಪ್ರತಿ ಕೊಟ್ಟರೆ ರೋಗಿಗಳ ಕೈಗೆ ತಲುಪಿಸುವ ಕೆಲಸ ನಾವು ಮಾಡುತ್ತೇವೆ.

ಇಂತಿ,
ತಮ್ಮ ಪತ್ರಿಕೆಯ ಓದುಗಳಾದ ಒಬ್ಬ ಫಿಸಿಯೋಥೆರಪಿಸ್ಟ್